ಮುಂದಿನ ವಾರ ಯಾವೂರು?

ಇಂಗ್ಲೆಂಡಿನವರು ಟೆನಿಸ್ಸಿನಲ್ಲಿ ಸೋತರೆ ಊಟ ಬಿಡುವ ಮೈಸೂರಿನವರು ಈ ಭೂಮಂಡಲದಲ್ಲಿ ಎಷ್ಟು ಜನ ಇರಬಹುದು? ನನಗೆ ತಿಳಿದಂತೆ ಒಬ್ಬರೇ. ಅವರು ಇರುವುದು ಮೈಸೂರಿನಲ್ಲೂ ಅಲ್ಲ, ಇಂಗ್ಲೆಂಡಿನಲ್ಲೂ ಅಲ್ಲ, ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ. ಅವರು ನನ್ನ ಖಾಸಾ ಸೋದರಮಾವ ಎಂಬುದು ನನ್ನ ಭಾಗ್ಯವೋ ಗ್ರಹಚಾರವೋ, ಇಂದಿಗೂ ತೀರ್ಮಾನವಾಗಿಲ್ಲ.

ಊಟ ಬಿಡುವುದೆಂದರೆ ನಿಟ್ಟುಪವಾಸ ಎಂದುಕೊಳ್ಳಬೇಡಿ. ಇಂಗ್ಲೆಂಡಿನವರು ಸೋಲುತ್ತಿದ್ದ ವೇಗಕ್ಕೆ ನಿಟ್ಟುಪವಾಸ ಹಿಡಿದಿದ್ದರೆ ಮಾವ ಮೊದಲ ಬೇಸಿಗೆಯನ್ನೇ ದಾಟುತ್ತಿರಲಿಲ್ಲ! ಅನ್ನ ಬಿಟ್ಟು ಆಲೂಗಡ್ಡೆ ತಿನ್ನುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಫಲಾಹಾರ. "ಈ ದೇಶದಲ್ಲಿ ಎಲ್ಲರೂ ದಿನಾ ಅದನ್ನೇ ತಿಂತಾರಲ್ರೀ, ಹಾಗಾದ್ರೆ ಎಂಟು ಕೋಟಿ ಜನ ಇಂಗ್ಲೆಂಡಿಗೋಸ್ಕರ ಉಪವಾಸ ಇದಾರಾ?" ಎಂದು ಅತ್ತೆ ಕೇಳಿದರೆ ಮಾವ ಇನ್ನೆರಡು ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದರು.

ಟೆನಿಸ್ ಎಂದ ಕೂಡಲೇ ನೀವು ಟೀವಿಯಲ್ಲಿ ಬರುವ ಟೆನಿಸ್ಸನ್ನು ನೆನೆಸಿಕೊಂಡಿದ್ದರೆ ತಪ್ಪು. ಹಸಿರು ಹುಲ್ಲು, ಬಿಳಿ ಬಟ್ಟೆ, ಟೋಪಿ ಹಾಕಿದ ರಾಣಿಯರು, ಅದ್ಯಾವುದೂ ಮಾವನಿಗೆ ಬೇಡ. ಟೆನಿಸ್ಸಿನ ಏಣಿಗೆ ಒಂದು ಕಟ್ಟಕಡೆಯ ಮೆಟ್ಟಿಲಿದೆ. ಜಗತ್ತಿನ ಪಟ್ಟಿಯಲ್ಲಿ ಎಂಟುನೂರನೆಯವನು ಒಂಬೈನೂರನೆಯವನ ಜೊತೆ ಆಡುವ ಮೆಟ್ಟಿಲು ಅದು. ಅದಕ್ಕೂ ಕೆಳಗೆ, ಪಟ್ಟಿಯಲ್ಲಿ ಹೆಸರೇ ಇಲ್ಲದವರು ಕ್ವಾಲಿಫೈಯಿಂಗ್ ಎಂದು ಶನಿವಾರ, ಭಾನುವಾರ, ಸೋಮವಾರ ಆಡಿ, ಮೂರೂ ದಿನ ಗೆದ್ದವರು ಮಂಗಳವಾರ ಆ ಕಟ್ಟಕಡೆಯ ಮೆಟ್ಟಿಲಿಗೆ ಬರುತ್ತಾರೆ. ಮಂಗಳವಾರವೂ ಗೆದ್ದರೆ ಒಂದು ಪಾಯಿಂಟ್. ಒಂದೇ ಒಂದು! ಆ ಒಂದು ಪಾಯಿಂಟ್ ಸಿಕ್ಕರೆ ಜಗತ್ತಿನ ಪಟ್ಟಿಯಲ್ಲಿ ಹೆಸರು ಬರುತ್ತದೆ. ಬೇಸಿಗೆ ಪೂರ್ತಿ ಜರ್ಮನಿಯ ಸಣ್ಣಪುಟ್ಟ ಊರುಗಳ ಕ್ಲಬ್ಬುಗಳಲ್ಲಿ, ಕೆಂಪು ಮಣ್ಣಿನ ಕೋರ್ಟುಗಳಲ್ಲಿ ಇದು ನಡೆಯುತ್ತದೆ. ಈ ಆಟಕ್ಕೆ ಟಿಕೆಟ್ ಇಲ್ಲ. ಟಿಕೆಟ್ ಇಟ್ಟರೆ ಕೊಳ್ಳುವವರು ಯಾರು?

ನಾನು ಅಲ್ಲಿಗೆ ಹೋದದ್ದು ಗ್ರೀನ್ ಕಾರ್ಡ್ ಕಾಲದಲ್ಲಿ. ಕಂಪ್ಯೂಟರ್ ಕಲಿತವರು ಬನ್ನಿ, ಐದು ವರ್ಷ ಇರಿ ಎಂದು ಜರ್ಮನಿ ಕರೆದದ್ದೇ ತಡ, ನಾನು ಮೈಸೂರಿನಿಂದ ಮೂವತ್ತು ಕಿಲೋ ಸಾಮಾನು ಹೊತ್ತು ಬಂದಿಳಿದೆ. ಅದರಲ್ಲಿ ಹನ್ನೊಂದು ಕಿಲೋ ಮಾವನಿಗೆಂದು ಅಮ್ಮ ಕೊಟ್ಟ ಹುಳಿಪುಡಿ, ಸಾರಿನಪುಡಿ, ಮತ್ತು ಆ ವರ್ಷದ ಪಂಚಾಂಗ. ಮಾವ ಮೂವತ್ತು ವರ್ಷದಿಂದ ಅಲ್ಲಿದ್ದರು. ಲೋಹಶಾಸ್ತ್ರದ ಪ್ರೊಫೆಸರಾಗಿ ಆಗಷ್ಟೇ ನಿವೃತ್ತರಾಗಿದ್ದರು. ಅವರ ಮನೆಯ ಮೇಲಿನ ಕೋಣೆ ನನ್ನದಾಯಿತು.

ಪಂಚಾಂಗ ಬಿಚ್ಚಿದ ಮಾವ ಮೊದಲು ಮಾಡಿದ ಕೆಲಸ ರಾಹುಕಾಲವನ್ನು ಎರ್ಲಾಂಗೆನ್ನಿಗೆ ತಕ್ಕಂತೆ ತಿದ್ದಿದ್ದು. ಹಗಲನ್ನು ಎಂಟು ಭಾಗ ಮಾಡಿದರೆ ಅದರಲ್ಲೊಂದು ಭಾಗ ರಾಹುಕಾಲವಲ್ಲವೇ? ಮೈಸೂರಿನಲ್ಲಿ ಅದು ಒಂದೂವರೆ ಗಂಟೆ. ಜರ್ಮನಿಯ ಬೇಸಿಗೆಯಲ್ಲಿ ಸೂರ್ಯ ಬೆಳಗಿನ ಐದಕ್ಕೆ ಬಂದವನು ರಾತ್ರಿ ಒಂಬತ್ತು ದಾಟಿದರೂ ಹೋಗುವುದಿಲ್ಲ. ಲೆಕ್ಕ ಹಾಕಿದರೆ ರಾಹುಕಾಲ ಎರಡು ಗಂಟೆ! "ಚಳಿಗಾಲದಲ್ಲಿ ಒಂದೇ ಗಂಟೆ ಕಣೋ, ಎಲ್ಲಾ ಸೇರಿ ಸರಿಹೋಗತ್ತೆ," ಎಂದು ಮಾವ ನನ್ನನ್ನು ಸಮಾಧಾನ ಮಾಡಿದರು.

"ಮಾವ, ನೀವು ವಿಜ್ಞಾನಿ. ಇದನ್ನೆಲ್ಲ ನಂಬ್ತೀರಾ?"

"ನಂಬೋದೇನೂ ಇಲ್ಲಪ್ಪ. ಬರೀ ಪ್ರಿಕಾಷನ್."

ಈ ಪ್ರಿಕಾಷನ್ನಿನ ಬಿಸಿ ನನಗೆ ಮೂರನೆಯ ದಿನವೇ ತಟ್ಟಿತು. ವೀಸಾ ಮುದ್ರೆಗೆಂದು ಆವ್ಸ್‌ಲೆಂಡರ್‌ಬೆಹೋರ್ಡೆಯಲ್ಲಿ, ಎಂದರೆ ಪರದೇಶಿಗಳ ಕಚೇರಿಯಲ್ಲಿ, ಒಂಬತ್ತೂವರೆಗೆ ಬರಬೇಕೆಂದು ಟರ್ಮೀನ್ ಕೊಟ್ಟಿದ್ದರು. ಮನೆಯ ಹೊಸ್ತಿಲು ದಾಟುವಾಗ ಒಂದು ಸೀನು ಬಂತು. ಒಂದೇ. ಒಂಟಿ ಸೀನು! ಮಾವ ನನ್ನ ತೋಳು ಹಿಡಿದು ಸೋಫಾದ ಮೇಲೆ ಕೂರಿಸಿ, "ಇನ್ನೊಂದು ಬರೋವರೆಗೂ ಏಳಬೇಡ," ಎಂದರು. ಒಂಟಿ ಸೀನು ಕೆಟ್ಟದ್ದು, ಜೋಡಿ ಸೀನು ಒಳ್ಳೆಯದು, ಇದು ನನಗೂ ಗೊತ್ತು. ಆದರೆ ಬಾ ಎಂದರೆ ಸೀನು ಬರುತ್ತದೆಯೇ? ಮಾವ ಕರವಸ್ತ್ರದ ತುದಿಯನ್ನು ಬತ್ತಿಯಂತೆ ಹೊಸೆದು ನನ್ನ ಮೂಗಿಗೆ ತಂದರು. ಜೋಡಿ ಪೂರ್ತಿಯಾಗುವಷ್ಟರಲ್ಲಿ ಒಂಬತ್ತು ಮುಕ್ಕಾಲು. ಟರ್ಮೀನ್ ಹೋಯಿತು, ಇನ್ನೊಂದು ಸಿಕ್ಕಿದ್ದು ಆರು ವಾರದ ಮೇಲೆ.

ಮಾವನಿಗೆ ಇಂಗ್ಲೆಂಡಿನ ಮೇಲೆ ಈ ಮಮತೆ ಹುಟ್ಟಿದ ಕಥೆ ಕೇಳಿ. ಅದು ಹುಟ್ಟಿದ್ದು ಸೇಡಿನಿಂದ. ನಮ್ಮ ತಾತನನ್ನು ಸ್ವಾತಂತ್ರ್ಯ ಚಳವಳಿಯಲ್ಲಿ ಹನ್ನೊಂದು ದಿನ ಒಳಗೆ ಹಾಕಿದ್ದರು. ಹಾಕಿದವರು ಮೈಸೂರಿನ ಪೊಲೀಸರು, ಮತ್ತು ತಾತ ಅಲ್ಲಿಂದ ತುಸು ದಪ್ಪವಾಗಿಯೇ ಬಂದರು ಎನ್ನುವುದು ಬೇರೆ ಮಾತು. ಸಿಟ್ಟು ಮಾತ್ರ ಇಂಗ್ಲೆಂಡಿನವರ ಮೇಲೆಯೇ ಉಳಿದು, ಮಗನಿಗೂ ಬಂತು. ಹೀಗಿರುವಾಗ ಒಂದು ಬೇಸಿಗೆಯಲ್ಲಿ ಮಾವ ಸೈಕಲ್ ಹೊಡೆಯುತ್ತಾ ಯಾವುದೋ ಹಳ್ಳಿಯ ಕ್ಲಬ್ಬಿನ ಮುಂದೆ ನೀರು ಕುಡಿಯಲು ನಿಂತರು. ಒಳಗೆ ಒಬ್ಬ ಇಂಗ್ಲಿಷಿನವನು ಆರು-ಸೊನ್ನೆ, ಆರು-ಒಂದು ಎಂದು ಸೋಲುತ್ತಿದ್ದ. ಮಾವನಿಗೆ ಸ್ವರ್ಗ ಮೂರೇ ಗೇಣು! ಮರುವಾರ ಇನ್ನೊಂದು ಊರಿಗೆ ಹೋದರು. ಅಲ್ಲೂ ಇಂಗ್ಲೆಂಡಿನವರು ಸೋತರು. ಅದರ ಮರುವಾರವೂ ಸೋತರು. ಇನ್ನೂರು ವರ್ಷದ ಸೇಡು ಇಷ್ಟು ಸಲೀಸಾಗಿ, ಮಧ್ಯಾಹ್ನದ ಊಟದೊಳಗೆ ತೀರಿಹೋಗುತ್ತದೆಂದು ಯಾರಾದರೂ ಎಣಿಸಿದ್ದರೇ?

ತೊಂದರೆ ಶುರುವಾದದ್ದು ಮೂರನೆಯ ಬೇಸಿಗೆಯಲ್ಲಿ. ಸೋತವರು ಗೋಡೆಗೆ ಒರಗಿ ಒಣ ಬ್ರೆಡ್ಡು ತಿನ್ನುವುದು, ಹರಿದ ಶೂಗೆ ಟೇಪು ಸುತ್ತುವುದು, ಒಂದು ಕೋಣೆಯಲ್ಲಿ ನಾಲ್ವರು ಮಲಗಿ ಮರುದಿನ ರೈಲು ಹತ್ತುವುದು, ಇದನ್ನೆಲ್ಲ ನೋಡಿ ನೋಡಿ ಮಾವನ ಸೇಡು ಸಡಿಲವಾಯಿತು. "ಗೆದ್ದವನ ಮೇಲಾದ್ರೆ ಸಿಟ್ಟು ಇಟ್ಕೋಬಹುದು. ಸೋಲ್ತಾನೇ ಇರೋನ ಮೇಲೆ ಎಷ್ಟು ದಿನ ಅಂತ ಇಟ್ಕೊಳ್ಳೋದೋ?" ಎಂದು ನನಗೆ ಒಮ್ಮೆ ಹೇಳಿದರು. ಮೊದಲು ಒಂದು ಡಬ್ಬಿ ಚಿತ್ರಾನ್ನ ಕೊಟ್ಟರು. ಆಮೇಲೆ ಒಂದು ನೋಟ್‌ಪುಸ್ತಕ ಇಟ್ಟರು. ಆಮೇಲೆ ಅನ್ನ ಬಿಟ್ಟರು.

ಆ ನೋಟ್‌ಪುಸ್ತಕದಲ್ಲಿ ಇಂಗ್ಲೆಂಡಿನ ಆಟಗಾರರಿಗೆ ಇದ್ದದ್ದೆಲ್ಲ ಮೈಸೂರಿನ ಹೆಸರುಗಳೇ. ಸಿಡುಕಪ್ಪ, ಕನ್ನಡಕದ ಶಾಸ್ತ್ರಿ, ಹೊಟ್ಟೆನೋವಿನ ರಾಯ. ಯಾರು ಯಾವ ಊರಿನಲ್ಲಿ ಯಾವ ಸುತ್ತಿನಲ್ಲಿ ಬಿದ್ದರು ಎಂದು ಕನ್ನಡ ಅಂಕಿಯಲ್ಲಿ ಬರೆದಿರುತ್ತಿತ್ತು. ಸೋಮವಾರ ಸೋಮವಾರ ಜಗತ್ತಿನ ಪಟ್ಟಿಯನ್ನು ನಾನು ಆಫೀಸಿನಲ್ಲಿ ಪ್ರಿಂಟ್ ಮಾಡಿ ತರಬೇಕು. ಮೇಲಿನ ಏಳುನೂರು ಹೆಸರುಗಳಿರುವ ಹಾಳೆಗಳನ್ನು ಮಾವ ನೋಡದೆ ಅತ್ತೆಗೆ ತರಕಾರಿ ಹೆಚ್ಚಲು ಕೊಡುತ್ತಿದ್ದರು. ಸಿಡುಕಪ್ಪ ಏಳುನೂರ ತೊಂಬತ್ತೆಂಟರಿಂದ ಏಳುನೂರ ತೊಂಬತ್ತೊಂದಕ್ಕೆ ಏರಿದ ದಿನ ಮನೆಯಲ್ಲಿ ಕೇಸರಿಬಾತು. ಬರ್ಲಿನ್ನಿನಲ್ಲಿ ಓದುತ್ತಿದ್ದ ಮಗಳಿಗೆ ಫೋನ್ ಮಾಡಿ ಸಂತೋಷ ಹಂಚಿಕೊಂಡರೆ, ಅವಳು ಜರ್ಮನ್ನಿನಲ್ಲಿ ಒಂದೇ ಪದ ಹೇಳಿ ಇಟ್ಟುಬಿಟ್ಟಳು: "ಪೈನ್‌ಲಿಶ್." ಮರ್ಯಾದೆಗೇಡು ಎಂದು ಅದರ ಅರ್ಥ.

ಮಾವನ ಇನ್ನೆರಡು ಪದ್ಧತಿಗಳನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಣ್ಣಿನ ಕೋರ್ಟಿನಲ್ಲಿ ಆಟ ಮುಗಿದ ಮೇಲೆ ಆಡಿದವರೇ ಚಾಪೆಯಂಥ ದೊಡ್ಡ ಬಲೆಯೊಂದನ್ನು ಎಳೆದು ನೆಲ ಸಮ ಮಾಡಿ ಹೋಗಬೇಕು. ಇದು ಜರ್ಮನ್ ಕ್ಲಬ್ಬುಗಳ ಕಟ್ಟುನಿಟ್ಟು. ಇಂಗ್ಲೆಂಡಿನವನು ಸೋತಾಗ ಮಾತ್ರ ಮಾವ ಸ್ವೆಟರಿನ ತೋಳು ಮೇಲಕ್ಕೆ ಸರಿಸಿ ಕೋರ್ಟಿಗಿಳಿದು, ಅವನ ಕೈಯಿಂದ ಬಲೆ ತೆಗೆದುಕೊಂಡು ತಾವೇ ಎಳೆಯುತ್ತಿದ್ದರು. ಅದೂ ಬಲಗಡೆಯಿಂದ, ಪ್ರದಕ್ಷಿಣೆಯಾಗಿ! "ಸೋತವನ ಕೈಲಿ ಅವನ ಹೆಜ್ಜೆ ಅವನೇ ಅಳಿಸೋ ಹಾಗೆ ಮಾಡಬಾರದು ಕಣೋ. ಅದು ಬೇರೆಯವರು ಮಾಡೋ ಕೆಲಸ," ಎನ್ನುತ್ತಿದ್ದರು. ಎಳೆದು ಮುಗಿಸಿ ಸೋತವನ ಬಳಿ ಬಂದು, ಅಯ್ಯೋ ಪಾಪ ಎನ್ನದೆ, ಚೆನ್ನಾಗಿ ಆಡಿದೆ ಎಂದು ಸುಳ್ಳೂ ಹೇಳದೆ, ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮುಂದಿನ ವಾರ ಯಾವೂರು?" ಅವನು ಊರಿನ ಹೆಸರು ಹೇಳುತ್ತಿದ್ದ. ಮಾವ ಬರೆದುಕೊಳ್ಳುತ್ತಿದ್ದರು. ಅಲ್ಲಿಗೆ ಆ ವಾರದ ಸೋಲು ಮುಗಿಯಿತು.

ಇವರೆಲ್ಲರ ಪೈಕಿ ಮಾವನ ಮುದ್ದಿನವನು ಉದ್ದಪ್ಪ. ಆರೂಕಾಲಡಿ ಆಳು, ಯಾರ್ಕ್‌ಶೈರಿನವನು, ವಯಸ್ಸು ಇಪ್ಪತ್ತೇಳು. ಹತ್ತು ವರ್ಷದಿಂದ ಆಡುತ್ತಿದ್ದರೂ ಅವನಿಗೆ ಆ ಒಂದು ಪಾಯಿಂಟ್ ಸಿಕ್ಕಿರಲಿಲ್ಲ. ಮಾವನ ಚಿತ್ರಾನ್ನ ತಿನ್ನುವಾಗ ಕಡಲೆಬೀಜಗಳನ್ನು ಆರಿಸಿ ಕೊನೆಗೆಂದು ಇಟ್ಟುಕೊಳ್ಳುತ್ತಿದ್ದ. ಆ ವರ್ಷ ಜುಲೈಯಲ್ಲಿ, ನಮ್ಮಿಂದ ಒಂದು ಗಂಟೆ ದೂರದ ಊರಿನಲ್ಲಿ, ಬಾಯಿತುಂಬ ಅನ್ನ ಇಟ್ಟುಕೊಂಡೇ ಹೇಳಿದ: "ಇದೇ ಕೊನೆಯದು, ಪ್ರೊಫೆಸರ್. ಇಲ್ಲೂ ಪಾಯಿಂಟ್ ಸಿಗದಿದ್ದರೆ ಊರಿಗೆ ಹೋಗಿ ಅಪ್ಪನ ಜೊತೆ ಹೆಂಚು ಹೊದಿಸುವ ಕೆಲಸಕ್ಕೆ ಸೇರುತ್ತೇನೆ. ಮಾತು ಕೊಟ್ಟಿದ್ದೇನೆ."

ಮಾವ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆದು ಹಾಕಿ ಮಾಡಿದರು. ಕಾರಿನಲ್ಲಿ ನನಗೆ ಹೇಳಿದರು: "ಇವನಿಗೆ ಮಾತ್ರ ಆ ಪಾಯಿಂಟ್ ಸಿಗಲೇಬೇಕು ಕಣೋ. ಹತ್ತು ವರ್ಷ ಆಡಿದೋನ ಹೆಸರು ಒಂದು ಹಾಳೆ ಮೇಲಾದ್ರೂ ಬರಬೇಡ್ವಾ?"

ನಾನು ಹೂಂ ಎಂದೆ. ನನ್ನ ತಲೆಯಲ್ಲಿ ಬೇರೆ ಚಿಂತೆ ಇತ್ತು. ನಮ್ಮ ಕಂಪನಿಯಲ್ಲಿ ಆ ವರ್ಷ ಜನರಿಗಿಂತ ಖಾಲಿ ಕುರ್ಚಿಗಳೇ ಹೆಚ್ಚಾಗತೊಡಗಿದ್ದವು. ಕಂಪನಿ ಮುಚ್ಚಿದರೆ ಗ್ರೀನ್ ಕಾರ್ಡಿನವನು ಕೆಲವೇ ತಿಂಗಳೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ಪೆಟ್ಟಿಗೆ ಕಟ್ಟಬೇಕು.

ಉದ್ದಪ್ಪ ಶನಿವಾರ ಗೆದ್ದ. ಭಾನುವಾರ ಗೆದ್ದ. ಸೋಮವಾರ ಎದುರಾಳಿಗೆ ಚೆಂಡೇ ಕಾಣದಂತೆ ಆಡಿದ! ಮಾವ ಮೂರು ದಿನ ಸತತವಾಗಿ ಅನ್ನ ತಿಂದರು. ಅದು ಆ ಮನೆಯ ಬೇಸಿಗೆಯ ದಾಖಲೆ ಎಂದು ಅತ್ತೆ ಹೇಳಿದರು.

ಮಂಗಳವಾರ ಮಳೆ ಬಂದು ಆಟ ಮುಂದಕ್ಕೆ ಹೋಯಿತು. ಸಂಜೆ ಐದೂಕಾಲರ ನಂತರ ಶುರು ಎಂದರು. ಮಾವ ಕೈಗಡಿಯಾರ ನೋಡಿದರು, ಜೇಬಿನ ರಾಹುಕಾಲದ ಚೀಟಿ ನೋಡಿದರು, ಮುಖ ಬಿಳಿಚಿಕೊಂಡಿತು. ಆ ದಿನದ ರಾಹುಕಾಲ ಐದೂಕಾಲರಿಂದ ಏಳೂಕಾಲು. "ಮೊದಲ ಚೆಂಡು ಐದೂಕಾಲರ ಒಳಗೆ ಬಿದ್ದುಬಿಟ್ರೆ ಆಟ ರಾಹುಕಾಲಕ್ಕೆ ಮುಂಚೆ ಶುರುವಾದ ಲೆಕ್ಕ," ಎಂದವರೇ ಕ್ಲಬ್ಬಿನ ಮಾಲಿಯ ಕೈಯಿಂದ ಬಲೆ ಕಿತ್ತುಕೊಂಡು ಒದ್ದೆ ಕೋರ್ಟಿನ ಸುತ್ತ ಓಡತೊಡಗಿದರು. ಅರವತ್ತೈದು ದಾಟಿದ ಪ್ರೊಫೆಸರು ಪ್ರದಕ್ಷಿಣೆ ಹಾಕುತ್ತಾ ಓಡುವುದನ್ನು ಕಂಡು ಮಾಲಿ ತಾನೂ ಇನ್ನೊಂದು ಬಲೆ ಹಿಡಿದು ಹಿಂದೆ ಓಡಿದ. ಐದು ಗಂಟೆ ಹತ್ತು ನಿಮಿಷಕ್ಕೆ ಮೊದಲ ಸರ್ವ್! ಮಾವ ಪ್ಯಾಂಟಿನ ತುಂಬ ಕೆಂಪು ಮಣ್ಣು ಮಾಡಿಕೊಂಡು ಬಂದು ನನ್ನ ಪಕ್ಕ ಕೂತರು.

ಪ್ರೇಕ್ಷಕರು ಒಂಬತ್ತು ಜನ. ಮೊದಲ ಸೆಟ್ ಜರ್ಮನಿಯವನಿಗೆ, ಎರಡನೆಯದು ಉದ್ದಪ್ಪನಿಗೆ. ಮೂರನೆಯದರಲ್ಲಿ ಉದ್ದಪ್ಪ ಐದು-ನಾಲ್ಕು ಮುಂದೆ, ಸರ್ವ್ ಅವನದೇ, ಸ್ಕೋರು ನಲವತ್ತು-ಮೂವತ್ತು. ಮ್ಯಾಚ್ ಪಾಯಿಂಟ್. ಹತ್ತು ವರ್ಷದ ಮೇಲೆ ಆ ಒಂದು ಪಾಯಿಂಟ್ ಒಂದೇ ಹೊಡೆತದ ದೂರದಲ್ಲಿತ್ತು. ಮೊದಲ ಸರ್ವ್ ನೆಟ್ಟಿಗೆ ಬಡಿಯಿತು. ಎರಡನೆಯದಕ್ಕೆ ಚೆಂಡು ಪುಟಿಸುತ್ತಾ ನಿಂತ. ಅಂಗಳವೆಲ್ಲ ಸ್ತಬ್ಧ.

ನಾನು ಸೀನಿದೆ.

ಏನು ಮಾಡಲಿ? ಜರ್ಮನಿಯ ಹುಲ್ಲು ಹೂಬಿಡುವ ಕಾಲ, ಆ ಪರಾಗ ನನ್ನ ಮೂಗಿಗೆ ಆಗಿಬರುವುದಿಲ್ಲ. ಉದ್ದಪ್ಪ ತಲೆಯೆತ್ತಿ ನೋಡಿ, ನಕ್ಕು, ಮತ್ತೆ ಚೆಂಡು ಪುಟಿಸತೊಡಗಿದ. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಆದರೆ ಅದು ಒಂಟಿ ಸೀನು!

"ಇನ್ನೊಂದು ಸೀನೋ," ಎಂದು ಮಾವ ಪಿಸುಗುಟ್ಟಿದರು.

"ಬರ್ತಿಲ್ಲ ಮಾವ."

"ಬೇಗ ಸೀನೋ. ಅವನ ಜೀವನದ ಪ್ರಶ್ನೆ."

"ಬರ್ತಿಲ್ಲ ಅಂದ್ನಲ್ಲ ಮಾವ."

ಮಾವ ಒಂದು ಕ್ಷಣ ನನ್ನನ್ನು ದುರುಗುಟ್ಟಿ ನೋಡಿದರು. ಸೋದರಳಿಯನ ಸೀನಿಗೆ ಸೋದರಮಾವನ ಸೀನು ಜೋಡಿಯಾಗುತ್ತದೆಯೇ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಮಾವ ಆಗುತ್ತದೆಂದು ಆ ಕ್ಷಣದಲ್ಲೇ ತೀರ್ಮಾನಿಸಿ, ಕರವಸ್ತ್ರದ ತುದಿ ಹೊಸೆದು ಮೂಗಿಗೆ ಏರಿಸಿದರು. ಉದ್ದಪ್ಪ ಚೆಂಡನ್ನು ಮೇಲಕ್ಕೆ ಎಸೆದ. ಚೆಂಡು ಗಾಳಿಯಲ್ಲಿ ನಿಂತಿದ್ದಾಗ ಮಾವ ಸೀನಿದರು. ಅದನ್ನು ಸೀನು ಎಂದರೆ ಸಾಲದು. ಪಕ್ಕದ ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು. ಉದ್ದಪ್ಪನ ರಾಕೆಟ್ಟು ನಡುಗಿ, ಚೆಂಡು ಬೇಲಿ ದಾಟಿ ಯಾರದೋ ಕಾರಿನ ಮೇಲೆ ಬಿತ್ತು. ಡಬಲ್ ಫಾಲ್ಟ್! ಉಳಿದ ಏಳು ಪ್ರೇಕ್ಷಕರು, ಜೊತೆಗೆ ಅಂಪೈರು, ಒಕ್ಕೊರಲಿನಿಂದ "ಗೆಜುಂಡ್‌ಹೈಟ್" ಎಂದು ಹರಸಿದರು. ಯಾರಾದರೂ ಸೀನಿದರೆ ಆರೋಗ್ಯವಾಗಿರಿ ಎಂದು ಹರಸುವುದು ಆ ದೇಶದ ಸಂಪ್ರದಾಯ.

ಆಮೇಲಿನದನ್ನು ಎಳೆಯುವುದಿಲ್ಲ. ಆ ಗೇಮ್ ಹೋಯಿತು, ಅದರ ಹಿಂದೆ ಎರಡು ಗೇಮ್ ಹೋದವು. ಉದ್ದಪ್ಪ ಏಳು-ಐದರಲ್ಲಿ ಸೋತ.

ಮಾವ ಎದ್ದು ಹೋಗಿ ಬಲೆ ಹಿಡಿದರು. ಎಂದೂ ಒಂದು ಸಲ ಎಳೆಯುವವರು ಅಂದು ಮೂರು ಸಲ ಎಳೆದರು. ಆಮೇಲೆ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದವನ ಮುಂದೆ ನಿಂತು ತಪ್ಪೊಪ್ಪಿಕೊಂಡರು. "ಆ ಎರಡನೇ ಸೀನು ನನ್ನದು."

"ಕೇಳಿಸಿತು, ಪ್ರೊಫೆಸರ್. ಪೋಲೆಂಡಿಗೂ ಕೇಳಿಸಿರಬೇಕು."

ಮಾವ ಒಂಟಿ ಸೀನು, ಜೋಡಿ ಸೀನು ಎಂದು ಎಲ್ಲವನ್ನೂ ವಿವರಿಸಿದರು. ಉದ್ದಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ: "ಹತ್ತು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಡಬಲ್ ಫಾಲ್ಟ್ ಮಾಡಿದ್ದೇನೆ. ಇದು ನನ್ನದು ಎಂದು ಬಂದು ಹೇಳಿದವರು ನೀವೊಬ್ಬರೇ."

ಮಾವ ನೋಟ್‌ಪುಸ್ತಕ ತೆಗೆದರು. ಕೇಳಲು ಬಾಯಿ ತೆರೆದರು. ಮುಂದಿನ ವಾರ ಎಂಬುದೇ ಇಲ್ಲದವನನ್ನು ಯಾವೂರು ಎಂದು ಹೇಗೆ ಕೇಳುವುದು? ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡು, ಚಿತ್ರಾನ್ನದ ಡಬ್ಬಿಯನ್ನು ಬೆಂಚಿನ ಮೇಲೆಯೇ ಬಿಟ್ಟು ಬಂದರು.

ಅದಾದ ಮೇಲೆ ಮಾವ ಟೆನಿಸ್ಸಿಗೆ ಹೋಗಲಿಲ್ಲ. ನಾನು ಸೋಮವಾರ ತಂದ ಹಾಳೆಗಳನ್ನೆಲ್ಲ, ಏಳುನೂರರ ಕೆಳಗಿನವನ್ನೂ ಸೇರಿಸಿ, ಅತ್ತೆಗೆ ಕೊಟ್ಟುಬಿಡುತ್ತಿದ್ದರು. ಒಂದು ದಿನ ಅತ್ತೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಇಂಗ್ಲೆಂಡಿನವರು ಸೋತ್ರೂ ಅನ್ನ ತಿಂತಿದಾರೆ ಕಣೋ. ನಂಗ್ಯಾಕೋ ಭಯ ಆಗ್ತಿದೆ."

ನವೆಂಬರಿನಲ್ಲಿ ನಮ್ಮ ಕಂಪನಿ ಮುಚ್ಚಿತು. ಗುರುವಾರ ಬೆಳಿಗ್ಗೆ ಕರೆದು ಹೇಳಿದರು, ಮಧ್ಯಾಹ್ನದೊಳಗೆ ಮೇಜು ಖಾಲಿ ಮಾಡಬೇಕು. ನಾನು ಮನೆಗೆ ಫೋನ್ ಮಾಡಿ ಅತ್ತೆಗೆ ತಿಳಿಸಿ, ಒಂದು ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟುಕೊಂಡು ಕೂತೆ. ಅದರೊಳಗೆ ಒಂದು ಪೆನ್ನು ಹಾಕಲೂ ಕೈ ಏಳಲಿಲ್ಲ.

ಅರ್ಧ ಗಂಟೆಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡ ಮಾವ ಬಾಗಿಲಲ್ಲಿ ನಿಂತಿದ್ದರು. ಕೆಳಗಿನ ಕಾವಲಿನವನಿಗೆ ಏನು ಹೇಳಿ ಒಳಗೆ ಬಂದರೋ, ದೇವರಿಗೇ ಗೊತ್ತು. ಕೋಟು ಕಳಚಿ ಕುರ್ಚಿಗೆ ಹಾಕಿ, ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿದರು.

"ನೀನು ಹೋಗಿ ಕಾರಲ್ಲಿ ಕೂತ್ಕೋ," ಎಂದರು.

"ನಾನೇ ಮಾಡ್ಕೋತೀನಿ ಮಾವ."

"ಇದು ನೀನು ಮಾಡೋ ಕೆಲಸ ಅಲ್ಲ. ಹೋಗು."

ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ. ಮಾವ ನನ್ನ ಸಾಮಾನುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಳಿಸಿ, ಕರವಸ್ತ್ರದಿಂದ ನನ್ನ ಮೇಜು ಒರೆಸುತ್ತಿದ್ದರು. ಬಲಗಡೆಯಿಂದ, ಪ್ರದಕ್ಷಿಣೆಯಾಗಿ. ಮೆಟ್ಟಿಲಿಳಿದು ಕಾರಿನಲ್ಲಿ ಹೋಗಿ ಕೂತೆ.

ಮಾವ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಹಾಕಿ ಬಂದು ಕೂತರು. ಜೇಬಿನಿಂದ ಒಂದು ಪೋಸ್ಟ್‌ಕಾರ್ಡ್ ತೆಗೆದು ನನ್ನ ತೊಡೆಯ ಮೇಲಿಟ್ಟರು. "ಬೆಳಿಗ್ಗೆ ಬಂತು. ಓದು."

ಇಂಗ್ಲೆಂಡಿನ ಅಂಚೆಚೀಟಿ, ಉದ್ದುದ್ದ ಅಕ್ಷರಗಳು. ಹೆಂಚಿನ ಕೆಲಸಕ್ಕೆ ಸೇರಿದ್ದಾನಂತೆ. ಮಳೆಗೆ ಕೆಲಸ ನಿಂತ ಒಂದು ವಾರ ಸುಮ್ಮನಿರಲಾರದೆ ಅಲ್ಲೇ ಹತ್ತಿರದ ಊರಿನಲ್ಲಿ ಆಡಿದನಂತೆ. ಮೂರು ದಿನ ಗೆದ್ದು, ನಾಲ್ಕನೆಯ ದಿನ ಎದುರಾಳಿ ಕಾಲು ಉಳುಕಿಸಿಕೊಂಡು ಆಟ ಬಿಟ್ಟುಕೊಟ್ಟನಂತೆ. "ಪಾಯಿಂಟ್ ಸಿಕ್ಕಿತು, ಪ್ರೊಫೆಸರ್. ಯಾರೂ ಸೀನಲಿಲ್ಲ. ಬಹಳ ಬೇಜಾರಾಯಿತು. ಮುಂದಿನ ವಾರ: ಎಡಿನ್‌ಬರೋ."

ಕೇಳದೇ ಬಿಟ್ಟ ಪ್ರಶ್ನೆಗೆ ಅವನು ಉತ್ತರ ಬರೆದಿದ್ದ. ಮಾವ ಜೇಬಿನಿಂದ ನೋಟ್‌ಪುಸ್ತಕ ತೆಗೆದು ಹೊಸ ಹಾಳೆ ತಿರುಗಿಸಿದರು. ಹಾಳೆಯ ತಲೆಯಲ್ಲಿ ಆಗಲೇ ನನ್ನ ಹೆಸರಿತ್ತು. ನನ್ನನ್ನು ನೋಡದೆ, ಗಾಜಿನಾಚೆ ನೋಡುತ್ತಾ ಕೇಳಿದರು:

"ಮುಂದಿನ ವಾರ ಯಾವೂರೋ?"

ನನಗೆ ಯಾವ ಊರೂ ಇರಲಿಲ್ಲ. ಒಂದು ಅರ್ಜಿಯನ್ನೂ ಹಾಕಿರಲಿಲ್ಲ. ಆದರೂ ಜರ್ಮನಿಯ ಇನ್ನೊಂದು ತುದಿಯ ಊರೊಂದರ ಹೆಸರು ಬಾಯಿಂದ ಬಂತು. "ಆಖೆನ್, ಮಾವ."

"ಸರಿ," ಎಂದು ಬರೆದುಕೊಂಡರು. "ಯಾವ ದಿನ ಅಂತ ಹೇಳು. ಈಗ ಚಳಿಗಾಲ, ರಾಹುಕಾಲ ಒಂದೇ ಗಂಟೆ."

ಅಷ್ಟು ಹೊತ್ತು ತಡೆದದ್ದೆಲ್ಲ ಆಗ ಒಡೆಯಿತು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅತ್ತರೆ ಮೂಗು ಸುಮ್ಮನಿರುತ್ತದೆಯೇ? ಅಳುವಿನ ನಡುವೆ ಒಂದು ಸೀನು ಬಂತು. ಒಂದೇ.

ಮಾವ ಕೀಲಿ ತಿರುಗಿಸಲು ಹೋದ ಕೈಯನ್ನು ಹಿಂದಕ್ಕೆ ತೆಗೆದರು. ನನ್ನ ಮೇಜಿನ ಧೂಳೆಲ್ಲ ತುಂಬಿಕೊಂಡಿದ್ದ ಆ ಕರವಸ್ತ್ರವನ್ನು ಹೊರತೆಗೆದು, ಅದರ ತುದಿಯನ್ನು ನಿಧಾನವಾಗಿ ಹೊಸೆಯತೊಡಗಿದರು.